ಜುಟ್ಟಿಲ್ಲದ ಹಂಸ

ನಾನು ಮೊದಲು ನೋಡಿದ್ದು ಅವರ ಬಲಗೈ ಹೆಬ್ಬೆರಳಿನ ಉಗುರನ್ನು. ಮುಖ ನೋಡಿದ್ದು ಆಮೇಲೆ. ಉದ್ದ ಬಿಟ್ಟ, ಅಂಚು ಸವೆದು ಹಳದಿಗಟ್ಟಿದ ಉಗುರು. ಗ್ರಾಫ್ ಹಾಳೆಯ ಚೌಕಗಳನ್ನು ಅದರಿಂದಲೇ ಎಣಿಸುತ್ತಿದ್ದರು. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳಿಗೆ ಅಂಚು, ಸೆರಗು ಬರೆದುಕೊಡುವ ಮೇಷ್ಟ್ರು ಅವರು. ಆ ಕೆಲಸ ಕಂಪ್ಯೂಟರಿಗೆ ಬಂದ ಮೇಲೆ, ಅದನ್ನು ನೋಡಿಕೊಳ್ಳಲು ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದವಳು ನಾನು. ಪರದೆಯ ಮೇಲೂ ಅದೇ ಉಗುರಿನಿಂದ ಎಣಿಸಿ ಗೀರು ಎಬ್ಬಿಸಿದ್ದರು. ಒರೆಸಿ ಒರೆಸಿ ಸಾಕಾಗಿ ಸುಮ್ಮನಾದೆ.

ನಾಲ್ಕು ಗಂಟೆಗೆ ಮಂಡಕ್ಕಿ, ಮೆಣಸಿನಕಾಯಿ ಬರಲೇಬೇಕು. ಎಣ್ಣೆ ಕೈಯಲ್ಲಿ ಕೀಬೋರ್ಡ್ ಮುಟ್ಟಿದರೆ ಮಾತ್ರ ನನಗೆ ಮಂಗಳಾರತಿ. ಬೆಳಿಗ್ಗೆ ಬಾಗಿಲಲ್ಲೇ ಅವರ ಮೊದಲ ಮಾತು, "ನಿನ್ನೆದು ಮುಗೀತೇನವ್ವಾ?" ಕೇಳುತ್ತಿದ್ದುದು ಬ್ಯಾಕಪ್ ಬಗ್ಗೆ. ಒಮ್ಮೆ ಕೂರಿಸಿಕೊಂಡು ಎಲ್ಲವನ್ನೂ ನನ್ನಿಂದ ಹೇಳಿಸಿಕೊಂಡಿದ್ದರು. ದಿನಾ ಸಂಜೆ ಹೊಸದಾಗಿ ಬರೆದದ್ದು, ತಿದ್ದಿದ್ದು ಮಾತ್ರ ಇನ್ನೊಂದು ಡಿಸ್ಕಿಗೆ ನಕಲಾಗುತ್ತದೆ. ನಡುವೆ ಕರೆಂಟ್ ಹೋದರೆ ಆ ದಿನದ ಫೋಲ್ಡರಿನ ಹೆಸರಿನಲ್ಲಿ 'ಅಪೂರ್ಣ' ಎಂಬ ಗುರುತು ಉಳಿಯುತ್ತದೆ. ಮರುದಿನ ಸಾಫ್ಟ್‌ವೇರ್ ಅದನ್ನು ನಂಬದೆ, ಕೊನೆಯ ಪೂರ್ತಿ ನಕಲಿನ ನಂತರದ್ದೆಲ್ಲವನ್ನೂ ಮತ್ತೆ ತೆಗೆದುಕೊಳ್ಳುತ್ತದೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. "ನಮ್ ನೇಕಾರ್ರಂಗೆ ಐತೆ ಬಿಡು. ಎಳೆ ಹರಿದ ಜಾಗಕ್ಕೇ ವಾಪಸ್ ಬರ್ತೈತೆ," ಎಂದರು.

ಅವರ ಕಣ್ಣು ಮಂಜಾದ ಮೇಲೆ ಹಾಳೆ ಬಿಟ್ಟರು. ಮೊಮ್ಮಗಳ ಧಾರೆ ಸೀರೆಗೆ ಹಂಸದ ಅಂಚನ್ನು ಒಂದೇ ದಿನದಲ್ಲಿ ಬಾಯಲ್ಲೇ ಹೇಳಿದರು: "ಎರಡು ಕೆಂಪು, ಒಂದು ಬಿಡು, ಮೂರು ಜರಿ..." ನಾನು ಚೌಕ ತುಂಬುತ್ತಾ ಹೋದೆ. ಅದೇ ತಮ್ಮ ಕೊನೆಯ ಅಂಚು ಎಂದು ಅವರೇ ಹೇಳಿಬಿಟ್ಟಿದ್ದರು.

ಅದು ಮುಗಿದ ಸಂಜೆ ಬ್ಯಾಕಪ್ ಅರ್ಧದಲ್ಲಿರುವಾಗ ಕರೆಂಟ್ ಹೋಯಿತು. ಬಂದಾಗ ಆರಕ್ಕೆ ಐದೇ ನಿಮಿಷ. ಆರರ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ. ಬೆಳಿಗ್ಗೆ ಮೇಷ್ಟ್ರ ಪ್ರಶ್ನೆ ಬೇರೆ. ಫೋಲ್ಡರಿನ ಹೆಸರಿನಿಂದ 'ಅಪೂರ್ಣ' ಅಳಿಸಿ ಓಡಿದೆ. ಮರುದಿನ "ಮುಗೀತು ಮೇಷ್ಟ್ರೇ" ಎಂದೆ. ಸಾಫ್ಟ್‌ವೇರೂ ನನ್ನನ್ನು ನಂಬಿತು. ಅಲ್ಲಿಂದ ಮುಂದಿನದ್ದನ್ನಷ್ಟೇ ನಕಲು ಮಾಡುತ್ತಾ ಹೋಯಿತು.

ಮೂರು ವಾರಕ್ಕೆ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ನಕಲಿನಿಂದ ಎಲ್ಲವೂ ವಾಪಸ್ ಬಂತು, ಹಂಸದ ಅಂಚು ಮಾತ್ರ ಬರಲಿಲ್ಲ. ಮದುವೆ ಹತ್ತಿರವಿತ್ತು, ಮಗ್ಗ ಕಾಯುತ್ತಿತ್ತು. ನಾನು ಅಳುತ್ತಲೇ ನಡೆದದ್ದನ್ನು ಹೇಳಿದೆ.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಕಲು ನಡುವೆ ನಿಂತಿದ್ದು ತಪ್ಪಲ್ಲವ್ವ. ಕರೆಂಟ್ ಯಾರ ಕೈಯಾಗೈತೆ? ಅರ್ಧ ಆಗಿದ್ದನ್ನ ಅರ್ಧ ಅಂತ ಬಿಟ್ಟಿದ್ರೆ ಅದು ತಾನೇ ಮಾಡ್ಕೊಂತಿತ್ತು. ನೀನು ಮುಗೀತು ಅಂದ್ಬಿಟ್ಟೆ," ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಪರ್ವಾಲೇದು, ಕೂತ್ಕ. ಬರ್ಕ."

ಕಣ್ಣು ಮುಚ್ಚಿ, ಮೇಜಿನ ಮೇಲೆ ಉಗುರಿನಿಂದ ಎಣಿಸುತ್ತಾ ಎರಡು ದಿನ ಮತ್ತೆ ಹೇಳಿದರು. ಹಂಸದ ತಲೆಯ ಹತ್ತಿರ ಉಗುರು ನಿಂತಿತು. "ಜುಟ್ಟು ನೆನಪಿಗೆ ಬರ್ತಿಲ್ಲವ್ವ."

"ಹಳೇ ಸೀರೇದು ಹಾಕ್ಲಾ ಮೇಷ್ಟ್ರೇ? ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗ್ತೈತಲ್ಲ. ಖಾಲಿ ಬಿಡು."

ಮೊಮ್ಮಗಳು ಜುಟ್ಟಿಲ್ಲದ ಹಂಸಗಳ ಸೀರೆಯಲ್ಲೇ ಧಾರೆಗೆ ನಿಂತಳು. ಯಾರೋ ಕೇಳಿದ್ದಕ್ಕೆ ಮೇಷ್ಟ್ರು, "ಮರೆತೆ ಕಣ್ರಿ," ಎಂದು ನಕ್ಕರು. ಮರೆಸಿದವಳ ಹೆಸರು ಎತ್ತಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಆ ಅಂಚಿಗೆ ಈಗಲೂ ಗಿರಾಕಿಗಳಿದ್ದಾರೆ; ಜುಟ್ಟು ತುಂಬಿಕೊಡಿ ಎನ್ನುತ್ತಾರೆ. ನನಗೆ ತುಂಬಲು ಬರುತ್ತದೆ, ತುಂಬುವುದಿಲ್ಲ. ಸಂಜೆ ಕರೆಂಟ್ ಹೋದರೆ ಕಾಯುತ್ತೇನೆ, ಬ್ಯಾಕಪ್ಪನ್ನು ಮತ್ತೆ ಶುರು ಮಾಡುತ್ತೇನೆ. ಗೀರು ಬಿದ್ದ ಆ ಪರದೆಯ ಮುಂದೆ ಕೂತಿರುವಾಗಲೇ ಹೊರಗೆ ಆರರ ಬಸ್ಸು ಹಾರ್ನ್ ಹೊಡೆದು ಹೊರಟುಹೋಗುತ್ತದೆ.