ಜಿಂಕೆಮರಿಗಳ ಬೇಲಿಯಲ್ಲಿ ಎರಡು ಕ್ಯಾಮೆರಾ

ಚಿತ್ರದಲ್ಲಿ ಬಾಲ ಮಾತ್ರ ಇತ್ತು. ದಟ್ಟ ಕೂದಲಿನ ಬಾಲ, ತುದಿ ಬಿಳಿ. ಉಳಿದ ಪ್ರಾಣಿ ಚೌಕಟ್ಟಿನಿಂದ ಆಚೆ ಹೋಗಿಬಿಟ್ಟಿತ್ತು.

ತೊಂಬತ್ತರ ದಶಕದ ಆ ವರ್ಷ ನಾನು ಕತಾರಿನಲ್ಲಿ, ದೋಹಾ ನಗರದ ಅಲ್ ಜದೀದಾ ಬಡಾವಣೆಯಲ್ಲಿ, ಭಾವ ನೋಡಿಕೊಳ್ಳುತ್ತಿದ್ದ ಬೇಟೆ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಕ್ಕನ ಮನೆಗೆ ಬಂದವಳು. ಪ್ರಾಣಿ ಎದುರು ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾಗಳು ಆಗ ಹೊಸದು; ನಮ್ಮಲ್ಲಿಗೆ ಎರಡು ಬಗೆಯವು ಬಂದಿದ್ದವು. ಒಂದರದು ಒಂಟಿ ಪೆಟ್ಟಿಗೆ. ಎದುರಿಗೆ ಬಿಸಿ ಮೈ ಅಲುಗಿದರೆ ಕ್ಲಿಕ್ಕಿಸುತ್ತದೆ. ಇನ್ನೊಂದಕ್ಕೆ ಎದುರುಬದುರು ಎರಡು ಪೆಟ್ಟಿಗೆ. ನಡುವಿನ ಕಾಣದ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಕ್ಲಿಕ್ಕಿಸುತ್ತದೆ. ಯಾವುದನ್ನು ತರಿಸಬೇಕೆಂದು ನಾನು ಪರೀಕ್ಷಿಸಿ ಹೇಳಬೇಕಿತ್ತು.

ಪರೀಕ್ಷೆಗೆ ಜಾಗ ಕೊಟ್ಟವರು ನಮ್ಮ ಗಿರಾಕಿ, ಉತ್ತರದಲ್ಲಿ ತೋಟವಿದ್ದ ಒಬ್ಬ ಅರಬರು. ಅವರು ಸಾಕಿದ್ದ ಜಿಂಕೆಗಳ ಮರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ತೋಟದ ಕಾವಲಿಗಿದ್ದವರು ಉಳ್ಳಾಲದ ಕಡೆಯ ಬ್ಯಾರಿ, ನಾವು ಕಾಕ ಎನ್ನುತ್ತಿದ್ದೆವು. ಕಾಕರ ನಾಯಿಯ ಮೇಲೆ ಯಜಮಾನರಿಗೆ, ಅಲ್ಲಿಯ ಮಾತಲ್ಲಿ ಅರ್ಬಾಬ್‌ಗೆ, ಗುಮಾನಿ. ಫೋಟೋದಲ್ಲಿ ಅದು ಕಂಡರೆ ಗುಂಡಿಕ್ಕುವುದು ಎಂದಿದ್ದರು. ಆ ಒಂಟಿ ತೋಟದಲ್ಲಿ ಕಾಕರ ಜೊತೆಗಿದ್ದದ್ದು ಆ ನಾಯಿ ಮಾತ್ರ.

ಎರಡೂ ಕ್ಯಾಮೆರಾಗಳನ್ನು ಮರಿಗಳ ಬೇಲಿಯ ಬಳಿ ಕಟ್ಟಿದೆ. ಒಂಟಿ ಪೆಟ್ಟಿಗೆಯ ರೀಲು ತೊಳೆಸಿದಾಗ ಮೊದಲಿಗೆ ಬರೀ ಪೊದೆ. ಬಿಸಿಲಿಗೆ ಕಾದ ಪೊದೆ ಗಾಳಿಗೆ ಅಲುಗಿದರೂ ಅದಕ್ಕೆ ಪ್ರಾಣಿಯೇ. ಆಮೇಲೆ ಕಾಕ: ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಪಕ್ಕದಲ್ಲಿ ನಾಯಿ. ನಿಂತು, ಕೂತು, ಕೈಕಟ್ಟಿ. ನಮ್ಮವರೆಲ್ಲ ಯಾರದೋ ಕಾರಿಗೆ ಒರಗಿ ಫೋಟೋ ತೆಗೆಸಿ ಊರಿಗೆ ಕಳಿಸುವಂತೆ, ಇವರು ಮರಿಗಳ ಬೇಲಿಗೆ ಒರಗಿದ್ದರು. ಕತ್ತಲಾಗುವ ಮೊದಲೇ ರೀಲು ಮುಗಿದಿತ್ತು.

"ಕರ್ಮ! ಆ ನಾಯಿಯನ್ನು ಕೊಲ್ಲಲಿಕ್ಕೆ ಬೇರೆ ಸಾಕ್ಷಿ ಬೇಕಾ?" ಎಂದರು ಭಾವ. "ಒಳಗಿಡು ಮಾರಾಯ್ತಿ ಅದನ್ನು. ಅರ್ಬಾಬ್ ನೋಡಿದ್ರೆ ಮುಗೀತು."

ಒಳಗಿಡುವ ಮೊದಲೇ ಯಜಮಾನರು ಬಂದರು. ಚಿತ್ರಗಳನ್ನು ಕೌಂಟರಿನ ಮೇಲೆ ಹರಡಿ, ಬೇಲಿಯ ಬಳಿಯಿದ್ದ ನಾಯಿಯ ಮೇಲೆ ಬೆರಳಿಟ್ಟರು. ನಾನು ಇನ್ನೊಂದು ಕ್ಯಾಮೆರಾದ ಬಾಲದ ಚಿತ್ರವನ್ನು ಪಕ್ಕಕ್ಕೆ ಸರಿಸಿದೆ.

"ಇದು ರಾತ್ರಿಯದು. ಇದು ನರಿ. ನಾಯಿಯ ಬಾಲ ಸಪೂರ, ತುದಿಯೂ ಕಂದು," ಎಂದೆ ಹಿಂದಿಯಲ್ಲಿ. ಭಾವ ಕೆಮ್ಮಿದರು. ಗಿರಾಕಿಗೆ ಎದುರು ಮಾತಾಡುವುದು ಅಂಗಡಿಯಲ್ಲಿ ಇರಲಿಲ್ಲ.

"ಬಾಲ ನರಿಯದು, ಬಾಯಿ ಯಾರದು?" ಮುರುಕು ಹಿಂದಿಯಲ್ಲಿ ಕೇಳಿ ಅವರು ನಕ್ಕರು. "ಮುಖ ತೋರಿಸು. ನಾಳೆ ಮಧ್ಯಾಹ್ನದ ನಮಾಜಿನ ತನಕ. ಆಮೇಲೆ ಖಲಾಸ್."

ಅವತ್ತೇ ಮಧ್ಯಾಹ್ನ ಅಂಗಡಿ ಮುಚ್ಚಿದ್ದೇ ಭಾವ, ನಾನು ತೋಟಕ್ಕೆ ಹೋದೆವು.

"ಎಂತ ಮಾಡಿದ್ದು ಕಾಕ ನೀವು?" ಭಾವ ಕೇಳಿದರು.

"ಕ್ಯಾಮೆರಾ ಸುಮ್ಮನೆ ಇತ್ತಲ್ಲ ಅಣ್ಣಾ. ಎದುರು ಹೋದ್ರೆ ಸಾಕು, ಅದೇ ತೆಗೀತದೆ. ಮನೆಯವಳಿಗೆ ಇವನನ್ನೊಮ್ಮೆ ತೋರ್ಸುವಾ ಅಂತ." ಕಾಕರ ಕೈ ನಾಯಿಯ ಕಿವಿಯ ಮೇಲಿತ್ತು.

"ಇವತ್ತು ಇವನನ್ನು ಕೋಣೆಯೊಳಗೇ ಕಟ್ಟಿ. ನೀವೂ ಹೊರಗೆ ಬರಬೇಡಿ," ಎಂದೆ.

"ಅಂಗಿಗೆ ಇಸ್ತ್ರಿಯೂ ಬೇಡ," ಎಂದರು ಭಾವ. ಯಾರೂ ನಗಲಿಲ್ಲ. ನರಿ ಬಾರದೆ ಹೋದರೆ, ನಾಯಿಯನ್ನು ಕಟ್ಟಿದ್ದಕ್ಕೇ ಮರಿಗಳು ಉಳಿದವು ಎಂದಾಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು.

ಕಿರಣಕ್ಕೆ ಅಡ್ಡ ಬಂದ ಮೇಲೆ ಕ್ಯಾಮೆರಾ ಎಚ್ಚರಗೊಳ್ಳಲು ಕ್ಷಣ ಹಿಡಿಯುತ್ತದೆ. ಅಷ್ಟರಲ್ಲಿ ನರಿ ಮುಂದೆ ಹೋಗಿರುತ್ತದೆ. ಅದು ಹೋಗುವ ದಿಕ್ಕಿಗೆ ಕ್ಯಾಮೆರಾವನ್ನು ಸರಿಸಿ, ಮುಖಕ್ಕೆ ಎದುರಾಗುವಂತೆ ತಿರುಗಿಸಿ ಕಂಬಕ್ಕೆ ಬಿಗಿದೆ. ಬೆವರಿಗೆ ಪಟ್ಟಿ ಜಾರುತ್ತಿತ್ತು. ಮತ್ತೆ ಬಿಗಿದೆ.

ಮರುದಿನ ಬೆಳಿಗ್ಗೆ, ಭಾವ ನಸುಕಿಗೇ ಹೋಗಿ ತಂದ ರೀಲು ಹಿಡಿದು ಸ್ಟುಡಿಯೋ ಬಾಗಿಲು ತೆರೆಯುವುದನ್ನೇ ಕಾದು ನಿಂತಿದ್ದೆ. ಎರಡನೆಯ ಚಿತ್ರದಲ್ಲಿ ಅಗಲ ಕಿವಿ, ಹೊಳೆಯುವ ಕಣ್ಣು, ಬಾಯಲ್ಲಿ ಮರಿ. ಯಜಮಾನರನ್ನು ಬರಹೇಳಲು ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. ಆಮೇಲೆ ಚೀಲದಿಂದ ಹಳೆಯ ನೆಗೆಟಿವ್ ತೆಗೆದು, ಕಾಕ ಕೈಕಟ್ಟಿ ನಾಯಿಯ ಪಕ್ಕ ನಿಂತ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ.