ಮಾಸಲು ಎಂದವನು ನಾನೇ

"ನೀವಽ ಹೇಳ್ರಿ ಸರ, ಇದು ಬಿಳಿ ಐತೇನು?"

ಕೇಳಿದವರು ಬನಹಟ್ಟಿಯ ಸೀರೆ ವ್ಯಾಪಾರಿ ಸಾಹುಕಾರರು; ನಾನು ಸೀರೆ ಕೊಳ್ಳಲು ಅವರ ಅಂಗಡಿಗೆ ಹೋಗಿದ್ದೆ. ಗಾದಿಯ ಮೇಲೆ ಹಾಸಿದ್ದ ಸೀರೆಯನ್ನು ನೋಡಿದೆ. ಕೆಂಪು ದಡಿ, ಬಿಳಿ ಒಡಲು. ಯಾಕೋ ಮಂಕಾಗಿ ಕಂಡಿತು. "ಸ್ವಲ್ಪ ಮಾಸಲು" ಅಂದುಬಿಟ್ಟೆ. (ಜಮಖಂಡಿಯ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳುವವನು ನಾನು. ಸುಮ್ಮನಿರುವುದು ಹೇಗೆ?)

ನೇಯ್ದು ತಂದಿದ್ದ ಗೌರವ್ವ ಎದುರಿಗೇ ನಿಂತಿದ್ದಳು. ಮಾಸಲು ಅಂತ ಒಮ್ಮೆ ಹೆಸರು ಬಿದ್ದರೆ ಸಾಹುಕಾರರು ನೇಯಲು ಕೊಡುವ ಮುಂದಿನ ನೂಲು ಬೇರೆಯವರ ಮನೆಗೆ ಹೋಗುತ್ತದೆ. ಮಗ್ಗ ಖಾಲಿ.

ಆಕೆ ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಸೀರೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು. ಮೋಡ ಕವಿದ ಮುಸ್ಸಂಜೆ, ಅಲ್ಲಿ ಬೆಳಕು ಒಳಗಿನದಕ್ಕಿಂತ ಕಡಿಮೆ. ಆದರೂ ಸೀರೆ ಬೆಳ್ಳಗೆ ಕಂಡಿತು!

"ಹೊರಗಿನ ಬೆಳಕ ಬ್ಯಾರೆ ಇರತೈತಿ" ಅಂದರು ಸಾಹುಕಾರರು.

"ಹಂಗಾರ ಒಳಗಽ ನೋಡೂಣ್ರಿ. ನೀವು ಒಂದೀಟು ಏಳ್ರಿ ಸಾವ್ಕಾರ್ರ."

ಪ್ರತಿ ಅಮಾವಾಸ್ಯೆಯಂತೆ ಪೂಜೆಗೆಂದು ಗಾದಿಗೆ ಚಾದರ ಹಾಸಿದ್ದರು. ನೀಲಿ ಹಾಕಿ ಒಗೆದು, ಕಣ್ಣು ಕುಕ್ಕುವಷ್ಟು ಬಿಳುಪು. ಗೌರವ್ವ ಅದನ್ನು ಸುತ್ತಿ ಪಕ್ಕಕ್ಕಿಟ್ಟಳು. ಕೆಳಗಿದ್ದ ಕಂದು ಗಾದಿಯ ಮೇಲೆ ಸೀರೆ ಹಾಸಿದಳು. ಅದೇ ಟ್ಯೂಬ್‌ಲೈಟು, ಅದೇ ಸೀರೆ. ಬೆಳ್ಳಗಿತ್ತು!

ನನಗೆ ನಿಜಕ್ಕೂ ನಾಚಿಕೆಯಾಯಿತು. ಬೆಳಕು ಎಷ್ಟು ಬಿದ್ದಿದೆ ಅನ್ನುವುದನ್ನು ಕಳೆದು ಕಣ್ಣು ವಸ್ತುವಿನ ಅಸಲಿ ಬಿಳುಪನ್ನು ಲೆಕ್ಕ ಹಾಕುತ್ತದೆ ಅನ್ನುವ ವಿಜ್ಞಾನಿಗಳಿದ್ದಾರೆ. ಅಷ್ಟೆಲ್ಲ ಶ್ರಮ ಕಣ್ಣಿಗೆಲ್ಲಿ, ಎದುರಿಗೆ ಇರುವುದರಲ್ಲಿ ಅತಿ ಬೆಳ್ಳಗಿನದನ್ನೇ ಬಿಳಿ ಅಂದುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸುತ್ತದೆ ಅನ್ನುವವರೂ ಇದ್ದಾರೆ. ಎರಡನ್ನೂ ವರ್ಷ ವರ್ಷ ಮಕ್ಕಳಿಗೆ ಹೇಳುತ್ತೇನೆ. ಚಾದರ ಸರಿಸಿ ನೋಡೋಣ ಅಂತ ನನಗೇಕೆ ಹೊಳೆಯಲಿಲ್ಲ?

"ನಂದಽ ತಪ್ಪಾತು ತಂಗಿ" ಅಂದೆ.

"ಆತು, ಇಟ್ಟು ಹೋಗವ್ವ" ಅಂದರು ಸಾಹುಕಾರರು.

ಗೌರವ್ವ ಕದಲಲಿಲ್ಲ. "ಹೋದ ಅಮಾಸಿಗಿ ನಮ್ಮ ಓಣ್ಯಾಗಿನ ಶಾಂತವ್ವನ ಸೀರಿನೂ ಮಾಸಲ ಅಂತ ಹೊಳ್ಳಿ ಕಳಿಸೀರಿ. ಅದನ್ನ ತರ್ತೇನಿ. ಅಲ್ಲೀತನಕಾ ಚಾದರ ಹಾಸಬ್ಯಾಡ್ರಿ."

ಹೇಳಿ ಹೊರಟೇಬಿಟ್ಟಳು. ಸಾಹುಕಾರರು ಬರೀ ಗಾದಿಯ ಮೇಲೆ ಕೂತರು. ನಾನೂ ಎದ್ದು ಹೋಗಲಿಲ್ಲ.

ನೇಯುವವರಿಗೆ ದಿನಾ ಪರೀಕ್ಷೆ ಸರಿ, ಕೂತಲ್ಲೇ ಮಾರ್ಕ್ಸ್ ಹಾಕುವ ನಮ್ಮ ಕಣ್ಣಿಗೆ ಪರೀಕ್ಷೆ ಯಾವಾಗ?