ಕನ್ಯೆ ನೋಡಲು ಬಂದವನ ಬ್ಯಾಂಡ್ ಜಗಳ

ಗೆಳೆಯರೇ, ಇವತ್ತು ಸಿದ್ದಾಪುರದಲ್ಲಿ ನನ್ನ ತಮ್ಮನ ಮಗಳನ್ನು ನೋಡಲು ಹನುಮಸಾಗರದ ಹುಡುಗ ಬಂದಿದ್ದ. ನಾನೇ ತಂದ ಸಂಬಂಧ. ಇಬ್ಬರಿಗೂ ಒಂದೇ ವಿದೇಶಿ ಬ್ಯಾಂಡಿನ ಹುಚ್ಚು. ಆ ಬ್ಯಾಂಡಿನವರು ಮೊದಲು ಮುಖಕ್ಕೆ ಮಸಿ ಬಳಿದುಕೊಂಡು, ಮೈಮೇಲೆ ನೆತ್ತರಿನಂಥ ಬಣ್ಣ ಸುರಿದುಕೊಂಡು ಚೀರುತ್ತಿದ್ದವರು. ಈಗ ಮೆತ್ತಗೆ ಹಾಡುತ್ತಾರಂತೆ.

ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೇ ಬಿಟ್ಟರೆ ಪಡಸಾಲೆಗೆ ಜಗಳ ಕೇಳಿಸಿತು.

"ಹಳೇದ ಛಲೋ ಇತ್ರಿ. ಈಗಿಂದು ಜೋಗುಳ ಆಗೈತಿ!" ಹುಡುಗನ ದನಿ.

"ನಿಮಗ ಚೀರಿದ್ರಷ್ಟ ಹಾಡು ಏನ್ರಿ?"

ಹುಡುಗನ ಕಡೆಯವರು ಅವಲಕ್ಕಿ ಬಿಟ್ಟು ಎದ್ದು ಹೋದರು. ನಾನು ಹುಡುಗಿಯನ್ನು ಬೈದೆ: "ಆ ಮಸಿ ಮಾರಿಯವರ ಸಲುವಾಗಿ ಛಲೋ ಸಂಬಂಧ ಕಳಕೊಂಡ್ಯಲ್ಲ!"

"ಆ ಹುಡುಗಗ ಹಾಡು ಕೇಳೋ ಕಿವಿನ ಇಲ್ಲ ದೊಡ್ಡಪ್ಪಾ" ಎಂದಳು.

ಈಗ ನೋಡಿದರೆ ಅದೇ ಹುಡುಗ ಇವಳಿಗೆ ಫೋನ್ ಮಾಡಿದ್ದಾನೆ. ಹಿತ್ತಲಲ್ಲಿ ನಿಂತು ಇವಳದೂ ಅದೇ ಜಗಳ, ಗಂಟೆಯಾದರೂ ಮುಗಿದಿಲ್ಲ. ತಾಳಿ ಕಟ್ಟುವ ಮೊದಲೇ ಸಂಸಾರ ಶುರು ಮಾಡಿದ್ದಾರೆ.